ಹೆಣ್ಣುಮಕ್ಕಳಿಲ್ಲದ ವಂಶವೃಕ್ಷ

ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯ ನಾಲ್ಕು ಹಳ್ಳಿಗಳಿಗೆ ನಾನು ಗ್ರಾಮ ಲೆಕ್ಕಿಗನಾಗಿದ್ದಾಗ, ತೀರಿಕೊಂಡ ಯಜಮಾನನೊಬ್ಬನ ಹೊಲವನ್ನು ಮಗನ ಹೆಸರಿಗೆ ಮಾಡಿಕೊಡುವ ಅರ್ಜಿ ಬಂತು. ತುರ್ತು ಪರಿಸ್ಥಿತಿಯ ಎರಡನೇ ವರ್ಷ ಅದು. ಶಾನುಭೋಗಿಕೆ ರದ್ದಾಗಿ ಬಹಳ ಕಾಲವಾಗಿದ್ದರೂ ಜನರ ಬಾಯಲ್ಲಿ ನಾನು ಇನ್ನೂ ಶಾನುಭೋಗನೇ. ಹನ್ನೊಂದು ಎಕರೆ ಬೆದ್ದಲು, ತಕರಾರಿಲ್ಲದ ಹೊಲ, ಉಳಿದಿದ್ದ ಮಗ ಒಬ್ಬನೇ. ಎರಡು ದಿನದ ಕೆಲಸ ಅಂದುಕೊಂಡಿದ್ದೆ.

ಇಂಥ ಅರ್ಜಿಗೆ ಮೊದಲು ಬೇಕಾದದ್ದು ವಂಶವೃಕ್ಷ. ಬಿಳಿ ಹಾಳೆಯ ಮೇಲ್ತುದಿಗೆ ಮೂಲಪುರುಷನ ಹೆಸರು, ಅಲ್ಲಿಂದ ಕೆಳಕ್ಕೆ ಗೀಟು, ಗೀಟಿನ ತುದಿಗೆ ಗಂಡುಮಕ್ಕಳು, ಸತ್ತವರ ಹೆಸರಿನ ಪಕ್ಕ 'ಮೃತ' ಎಂಬ ಎರಡಕ್ಷರ, ಕೆಳಗೆ ಐದು ಜನ ಪಂಚರ ರುಜು. ಹೆಣ್ಣುಮಕ್ಕಳನ್ನೂ ಬರೆಯಬೇಕೆಂದು ಕಾಯಿದೆ ಹೇಳುತ್ತಿತ್ತು. ಕೊಟ್ಟ ಮನೆಯ ಹೆಣ್ಣು ನಮ್ಮ ಹಾಳೆಯಲ್ಲಿ ಯಾಕೆ ಎಂದು ಪಂಚರು ಕೇಳುತ್ತಿದ್ದರು, ನಾನು ಬಿಟ್ಟುಬಿಡುತ್ತಿದ್ದೆ. ಜಾತಿ ಪತ್ರ, ವಾಸದ ದೃಢೀಕರಣ, ಮತದಾರರ ಪಟ್ಟಿ, ಪಹಣಿ, ಎಲ್ಲಕ್ಕೂ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಿನ್ನ ತಂದೆ ಯಾರು? ಯಾರ ತಾಯಿಯ ಹೆಸರನ್ನೂ ಎಂಟು ವರ್ಷದ ನೌಕರಿಯಲ್ಲಿ ಕೇಳಿದವನಲ್ಲ.

ಆ ವರ್ಷ ನಮಗೆ ಇನ್ನೊಂದು ಕೆಲಸ ಹೊರಿಸಿದ್ದರು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಪ್ರತಿ ಲೆಕ್ಕಿಗನೂ ಇಂತಿಷ್ಟು ಗಂಡಸರನ್ನು ಕರೆತರಬೇಕು. 'ಕೇಸು' ಎನ್ನುತ್ತಿದ್ದೆವು. ಕೇಸು ಕಡಿಮೆಯಾದರೆ ಸಸ್ಪೆಂಡ್ ಎಂದು ಸಭೆಯಲ್ಲಿ ಎಲ್ಲರೆದುರು ಹೇಳಿದ್ದರು. ನನಗೆ ಇನ್ನೂ ಮೂರು ಕೇಸು ಬೇಕಿತ್ತು. ಅರ್ಜಿ ಹಿಡಿದು ಬಂದ ಈ ಮಗನಿಗೆ ಮೂವತ್ತೆರಡರ ಆಸುಪಾಸು, ಇಬ್ಬರು ಹೆಣ್ಣುಮಕ್ಕಳು, ಒಂದು ಗಂಡು. ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದ್ದ. ಆಪರೇಶನ್‌ಗೆ ಹೆಸರು ಕೊಟ್ಟರೆ ಖಾತೆ ಬೇಗ ಆಗುತ್ತದೆ, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನಿಲ್ಲ ಅಂದೆ. ಅವನು ಆಯ್ತು ಬರ್ಕೊಳ್ಳಿ ಅಂದ. ಅವನ ಎದುರೇ ಪಟ್ಟಿಯಲ್ಲಿ ಹೆಸರು ಬರೆದೆ. ಎದ್ದು ಹೋಗುವಾಗ ಅವನ ಬಲ ಮೊಣಕಾಲು ಮಡಚುತ್ತಿಲ್ಲ ಎಂಬುದನ್ನು ಕಂಡೆ. ಕಂಡೆ, ಅಷ್ಟೇ.

ಮಹಜರಿಗೆ ಅವರ ಮನೆಗೆ ಹೋದಾಗ ವಂಶವೃಕ್ಷ ತೊಡಕಾಯಿತು. ಸತ್ತ ಯಜಮಾನನಿಗೆ ಮೂವರು ಗಂಡುಮಕ್ಕಳು, ಮೊದಲಿನ ಇಬ್ಬರು ಅವನ ಕಣ್ಣೆದುರೇ ಹೋಗಿದ್ದರು. ಮರಣದ ಕಾರಣ ಹೇಳಿಕೆಯಲ್ಲಿ ಬರಬೇಕು. ದೊಡ್ಡವನು ಸಂತೆಯಲ್ಲಿ ಹಲ್ಲು ಕೀಳಿಸಿಕೊಂಡು ಬಂದು ನಾಲ್ಕು ದಿನ ಬಾಯಿಂದ ರಕ್ತ ಸುರಿದು ಸತ್ತ. ನಡುವಲವನು ಬದುವಿನ ಮೇಲಿಂದ ಜಾರಿ ಬಿದ್ದ. ಮೈಮೇಲೆ ಗಾಯವೇ ಇರಲಿಲ್ಲವಂತೆ, ತೊಡೆ ಮಾತ್ರ ಊದಿ ಕಪ್ಪಾಯಿತಂತೆ.

ಪಂಚರಲ್ಲಿ ಹಿರಿಯನಾದವನು ನನ್ನನ್ನು ಪಕ್ಕಕ್ಕೆ ಕರೆದು ಸಮಜಾಯಿಷಿ ಕೊಟ್ಟ. ಈ ಮನೆಯ ಹಿರಿಯರು ಒಬ್ಬ ವಿಧವೆಯ ಹೊಲದ ಬಾಂದುಕಲ್ಲು ಕಿತ್ತು ಒತ್ತುವರಿ ಮಾಡಿದ್ದರಂತೆ, ಅವಳು ಮಣ್ಣು ತೂರಿ ಶಾಪ ಹಾಕಿ ಹೋದಳಂತೆ. ಅಂದಿನಿಂದ ಆ ಹೊಲ ಗಂಡುಮಕ್ಕಳ ರಕ್ತ ಕೇಳುತ್ತಿದೆ, ಖಾತೆ ಯಾರ ಹೆಸರಿಗೆ ಬರುತ್ತದೋ ಅವರದು ಮುಂದಿನ ಸರದಿ ಅಂದ. ಉಳಿದವರು ತಲೆಯಾಡಿಸಿದರು. ಊರಿಗೆಲ್ಲ ಗೊತ್ತಿದ್ದ ವಿಷಯ ಅದು.

ತಾಯಿ ಬಾಗಿಲ ಹಿಂದೆ ಕೂತಿದ್ದಳು. ಅರವತ್ತು ದಾಟಿದ ಮುದುಕಿ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮಸಿ ಡಬ್ಬಿ ಹಿಡಿದು ಹತ್ತಿರ ಹೋದೆ. ಅವಳು ಬೆರಳು ಕೊಡಲಿಲ್ಲ.

"ಶಾನುಭೋಗ್ರೇ, ಹೊಲದ ಶಾಪ ಅಂತ ಬರೀಬ್ಯಾಡ್ರಿ," ಅಂದಳು. "ನಮ್ಮ ತವರಾಗೂ ಹಿಂಗೇ ಆಗೈತೆ. ನನ್ನ ಇಬ್ರು ಅಣ್ಣದೀರು ರಕ್ತ ಸೋರೇ ಹೋದ್ರು. ನಮ್ಮಕ್ಕನ ಮಕ್ಕಳೂ ಹೋದ್ರು. ಈ ಹೊಲ ಅಲ್ಲಿಗೆ ಹೆಂಗೆ ಹೋಗಿತ್ತು, ನೀವೇ ಹೇಳ್ರಿ."

ಪಂಚರು ಕೇಳಿಸಿಕೊಳ್ಳಲಿಲ್ಲ. ಮುದುಕಿಯ ಮಾತು ಮಹಜರಿಗೆ ಬೇಕಾದದ್ದಲ್ಲ. ನನಗೆ ಮಾತ್ರ ಹಾಳೆ ತಿರುವುಮುರುವಾದ ಹಾಗೆ ಅನ್ನಿಸಿತು. ಬಾಗಿಲ ಹತ್ತಿರ ಗೋಡೆಗೊರಗಿ ಕಾಲು ನೀಡಿ ಕೂತಿದ್ದ ಮಗನನ್ನು ನೋಡಿದೆ. ಎಡ ಮೊಣಕೈಯೂ ಸೆಟೆದುಕೊಂಡಿತ್ತು. ಹತ್ತು ದಿನದಲ್ಲಿ ಆಪರೇಶನ್ ಕ್ಯಾಂಪು. ಅವನ ಮೈಮೇಲೆ ಕತ್ತಿ ಆಡುವುದಿತ್ತು, ಹೆಸರು ಬರೆದವನು ನಾನು.

ಮಾರನೇ ದಿನ ಡಾಕ್ಟರನ್ನು ಕಂಡೆ. ನಮ್ಮ ಭಾಗದ ಕ್ಯಾಂಪುಗಳಲ್ಲಿ ಕತ್ತಿ ಹಿಡಿಯುತ್ತಿದ್ದವರು ಅವರೇ. ಕೆಲಸದಲ್ಲಿ ಬೇಸತ್ತಿದ್ದ, ಆದರೆ ಕೇಳುವ ತಾಳ್ಮೆಯಿದ್ದ ಮನುಷ್ಯ. ನಾನು ಹೇಳಿದ್ದನ್ನು ಕೇಳಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ರಕ್ತ ಹೆಪ್ಪುಗಟ್ಟದ ಕಾಯಿಲೆಯೊಂದಿದೆ, ಸಾಯುವವರು ಗಂಡಸರು, ಕೊಡುವವಳು ತಾಯಿ, ಅವಳಿಗೆ ಏನೂ ಆಗಿರುವುದಿಲ್ಲ ಎಂದು ವಿವರಿಸಿದರು. ಅಂಥ ತಾಯಿಗೆ ಹುಟ್ಟುವ ಒಂದೊಂದು ಗಂಡಿಗೂ ಅರ್ಧಕ್ಕರ್ಧ ಅಪಾಯ. ಇವನಿಗೆ ಅದು ಇದ್ದರೆ ಕ್ಯಾಂಪಿನ ಮೇಜಿನಿಂದ ಎದ್ದು ಮನೆಗೆ ಹೋಗುತ್ತಾನೆ, ಒಳಗೊಳಗೇ ರಕ್ತ ತುಂಬಿಕೊಳ್ಳುತ್ತದೆ, ಇಲ್ಲಿ ಯಾರಿಂದಲೂ ನಿಲ್ಲಿಸಲಿಕ್ಕಾಗುವುದಿಲ್ಲ ಅಂದರು.

ಪಟ್ಟಿ ಆಗಲೇ ನನ್ನ ಕೈದಾಟಿ ಮೇಲಕ್ಕೆ ಹೋಗಿತ್ತು, ಹಾಗಾದರೆ ನೀವೇ ಹೆಸರು ತೆಗೆದುಬಿಡಿ ಅಂದೆ. ಅದು ತಮ್ಮಿಂದಾಗದು ಅಂದರು. ಹಿಂದಿನ ಕ್ಯಾಂಪಿನಲ್ಲಿ ಎದೆನೋವಿನವನೊಬ್ಬನನ್ನು ವಾಪಸ್ ಕಳಿಸಿದ್ದಕ್ಕೆ ಅವರಿಂದ ವಿವರಣೆ ಕೇಳಿದ್ದರು. ಪರೀಕ್ಷೆಯೇನೋ ಸುಲಭ, ಆದರೆ ಅರವತ್ತು ಜನ ಸಾಲಿನಲ್ಲಿ ನಿಂತಿರುವಾಗ ಒಬ್ಬನಿಗಾಗಿ ಅರ್ಧ ಗಂಟೆ ಮೇಜು ಖಾಲಿ ಬಿಡಲು ಮೇಲಿನವರು ಒಪ್ಪಬೇಕು, ಕೈಯಲ್ಲಿ ಆಧಾರವಿರಬೇಕು.

"ನಿಮ್ಮ ವಂಶವೃಕ್ಷ ನನಗೆ ಉಪಯೋಗವಿಲ್ಲ," ಅಂದರು ಡಾಕ್ಟರು. "ಅವನ ತಾಯಿಯ ಕಡೆಯದು ಬರೆದು ತನ್ನಿ. ಹೆಣ್ಣುಮಕ್ಕಳನ್ನು ಬಿಡಬೇಡಿ."

ವಾಪಸ್ ಬರುತ್ತಾ ದಾರಿಯಲ್ಲಿ ಅವನನ್ನು ಕಂಡು ನೀನೇ ಹಿಂದೆ ಸರಿ ಅಂದೆ. ನನಗೇನೂ ಆಗಿಲ್ಲ, ಕಾಲು ಸಣ್ಣವನಿದ್ದಾಗ ಬಿದ್ದು ಹೀಗಾಗಿದೆ ಅಂದ. ಮತ್ತೆ ಒತ್ತಾಯ ಮಾಡಿದಾಗ, "ಹೆಸರು ತೆಗೆಸಿದ್ರೆ ಖಾತೆ ನಿಲ್ಲಿಸ್ತೀರಿ. ಹೋದ ವಾರ ನೀವೇ ಹೇಳಿದ್ದು," ಅಂದ. ಇಲ್ಲ, ನಿಲ್ಲಿಸುವುದಿಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ನಂಬದಿರಲು ಕಾರಣ ಕೊಟ್ಟವನು ನಾನೇ.

ಎರಡು ದಿನ ರಜೆ ಬರೆದು ಹೊರಟೆ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಹೊನ್ನಾಳಿ ಚನ್ನಗಿರಿಗಳು ಶಿವಮೊಗ್ಗಕ್ಕೆ. ನನ್ನ ಅಧಿಕಾರ ನಡೆಯುವ ಜಾಗವಲ್ಲ. ಮುದುಕಿಯ ತವರು ಹೊನ್ನಾಳಿಯಾಚೆ ಹೊಳೆದಂಡೆಯ ಒಂದು ಹಳ್ಳಿ. ಅಲ್ಲಿಯ ಲೆಕ್ಕಿಗ ನನ್ನಂತೆಯೇ ಕೇಸು ಹುಡುಕುತ್ತ ಹೈರಾಣಾಗಿದ್ದವನು, ಮಾತಿಲ್ಲದೆ ಜನನ ಮರಣದ ರಿಜಿಸ್ಟರು ತೆಗೆದುಕೊಟ್ಟ. ತೀರ ಹಳೆಯ ಪುಸ್ತಕಗಳು ತಾಲ್ಲೂಕು ಕಚೇರಿ ಸೇರಿದ್ದವು, ಉಳಿದವಕ್ಕೆ ಅಂಚಿನಲ್ಲಿ ಗೆದ್ದಲು ಹಿಡಿದಿತ್ತು. ಕಾರಣದ ಕಲಮಿನಲ್ಲಿ ಬೆರಳಾಡಿಸುತ್ತ ಹೋದೆ. ಜ್ವರ, ವಾಂತಿಭೇದಿ, ಹಾವು, ಮುಪ್ಪು. ಮುದುಕಿಯ ಅಣ್ಣನೊಬ್ಬ ಸಿಕ್ಕ: 'ಕುಡುಗೋಲು ಗಾಯ.' ಅವಳ ತವರುಮನೆಯ ಅತ್ತಿಗೆ ಇನ್ನೂ ಬದುಕಿದ್ದಳು. ಎಷ್ಟು ದೊಡ್ಡ ಗಾಯ ಎಂದು ಕೇಳಿದೆ. ಕಿರುಬೆರಳಿನ ಉಗುರು ತೋರಿಸಿದಳು. ಇಷ್ಟಗಲ, ಆರು ದಿನ ನಿಲ್ಲಲಿಲ್ಲ ಅಂದಳು. ಇನ್ನೊಬ್ಬ ಅಣ್ಣ ಹುಡುಗನಾಗಿದ್ದಾಗಲೇ ಹೋಗಿದ್ದ, ಅವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ.

ನ್ಯಾಮತಿಯಲ್ಲಿ ಮುದುಕಿಯ ಅಕ್ಕನ ಮನೆ. ಅಕ್ಕ ಸತ್ತಿದ್ದಳು, ಸೊಸೆ ಇದ್ದಳು. ಆ ಮನೆಯಲ್ಲಿ ಇಬ್ಬರು ಗಂಡಸರ ಸಾವನ್ನು ಅವಳು ಬಟ್ಟೆ ಮಡಚುತ್ತಲೇ ಹೇಳಿದಳು, ತಲೆಯೆತ್ತಲಿಲ್ಲ. ಆ ಮನೆಯವರೂ ಒಂದು ಕಾರಣ ಕಂಡುಕೊಂಡಿದ್ದರು. ಅವರ ಪ್ರಕಾರ ಶಾಪ ಮನೆಯ ಹಿಂದಿನ ಬಾವಿಯದು. ಬಾವಿ ಮುಚ್ಚಿಸಿದ್ದರು, ಮುಚ್ಚಿಸಿದ ಮೇಲೆ ಎರಡನೆಯವನು ಸತ್ತ. ಒಂದೊಂದು ಊರಿನಲ್ಲಿ ಒಂದೊಂದು ಕಾರಣ. ಮೂರು ಮನೆಯವರು ಒಂದೇ ಕಡೆ ಕೂತು ಮಾತಾಡಿದ್ದರೆ ಗೊತ್ತಾಗುತ್ತಿತ್ತು. ಕೂರುವ ಪ್ರಸಂಗವೇ ಬಂದಿರಲಿಲ್ಲ, ಅವರನ್ನು ಸೇರಿಸುವ ಗೀಟು ಹೆಣ್ಣುಮಕ್ಕಳ ಮೂಲಕ ಹೋಗುತ್ತಿತ್ತು.

ಎರಡನೇ ದಿನ ಸಂತೇಬೆನ್ನೂರು. ಮುದುಕಿಯ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದರು. ಹೆಂಚಿನ ಮನೆ, ತೊಳೆದಿಟ್ಟ ಜಗಲಿ. ನಾನು ವಿಷಯ ಎತ್ತಿದ ಕೂಡಲೇ ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದು ಅವಳು ಸೆರಗು ಸರಿ ಮಾಡಿಕೊಂಡಳು. ಅದೇ ಹೊತ್ತಿಗೆ ಒಳಗಿನಿಂದ ಅವಳ ಮಗ ಬಂದ. ಇಪ್ಪತ್ತೈದರ ಯುವಕ, ಎರಡು ಕೋಲು ಊರಿಕೊಂಡು, ಎರಡೂ ಕಾಲನ್ನು ಹಲಗೆಯಂತೆ ಎಳೆಯುತ್ತ. ಬಿಸಿಲಿಗೆ ಕೂತು ನನಗೆ ನಮಸ್ಕಾರ ಮಾಡಿದ. ಅವಳಿಗೆ ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ. ನನ್ನನ್ನು ಬೀದಿಯವರೆಗೆ ಕಳಿಸಲು ಬಂದು ತಗ್ಗಿದ ದನಿಯಲ್ಲಿ ಬೇಡಿಕೊಂಡಳು.

"ಇದನ್ನ ಕಾಗದಕ್ಕೆ ಹಾಕಬ್ಯಾಡ್ರಿ. ನನ್ನ ಮಗಳಿಗೆ ಗಂಡು ಗೊತ್ತಾಗೈತೆ. ಹುಡುಗಿಗೆ ಏನೂ ಇಲ್ಲ, ಕಲ್ಲುಗುಂಡಿನಂಗೆ ಅದಾಳೆ."

ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಹಾಳೆ ಹರಡಿದೆ. ಮೇಲ್ತುದಿಗೆ ಮುದುಕಿಯ ತಾಯಿಯ ಹೆಸರು ಬರೆದೆ. ಅಲ್ಲಿಂದ ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು, ಅವರ ಮಕ್ಕಳು. ಸತ್ತ ಗಂಡಸರಿಗೆ ಕಪ್ಪು ಚೌಕ. ಆರು ಚೌಕಗಳಾದವು. ಸಂತೇಬೆನ್ನೂರಿನವನಿಗೆ ಹೆಸರಿಲ್ಲದ, ಊರಿಲ್ಲದ ಒಂದು ಖಾಲಿ ಚೌಕ ಬರೆದೆ. ಅವನ ತಂಗಿಯನ್ನು ಬರೆಯಲೇ ಇಲ್ಲ. ಮಾತು ಉಳಿಸಿಕೊಂಡೆ ಅಂದುಕೊಂಡೆ. ಆ ಹುಡುಗಿಯನ್ನು ಕೈಹಿಡಿಯುವವನಿಗೆ ಏನು ಮಾಡಿದೆ ಎಂದು ಆಗ ಯೋಚಿಸಲಿಲ್ಲ.

ಮೂರನೇ ದಿನ ಬೆಳಿಗ್ಗೆ ಜಗಳೂರಿನಲ್ಲಿ ಇಳಿದಾಗ ಪಕ್ಕದ ವೃತ್ತದ ಲೆಕ್ಕಿಗ ಎದುರಾಗಿ, ನೀನಿಲ್ಲಿ ಏನು ಮಾಡ್ತಿದೀಯ ಅಂದ. ಕ್ಯಾಂಪನ್ನು ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಬಿಟ್ಟಿದ್ದರು. ಇವತ್ತೇ. ಜೀಪು ಆರು ಗಂಟೆಗೇ ಹಳ್ಳಿಗಳಿಗೆ ಹೋಗಿ ನನ್ನ ಮೂರೂ ಕೇಸುಗಳನ್ನು ಹತ್ತಿಸಿಕೊಂಡು ಹೋಗಿತ್ತು. ಅವನ ಸೈಕಲ್ಲು ಕೇಳಿ ಪಡೆದು ತುಳಿದೆ. ಹದಿಮೂರು ಮೈಲಿ ಎದುರುಗಾಳಿ.

ಕ್ಯಾಂಪು ಒಂದು ಪ್ರಾಥಮಿಕ ಶಾಲೆಯಲ್ಲಿ. ತರಗತಿಯ ಬೆಂಚುಗಳನ್ನು ಹೊರಗೆ ಹಾಕಿದ್ದರು, ಗಂಡಸರು ಅದರ ಮೇಲೆ ಕೂತಿದ್ದರು. ಡೆಟಾಲ್ ವಾಸನೆ ಬೀದಿಗೇ ಬರುತ್ತಿತ್ತು. ಮುಗಿಸಿಕೊಂಡವರು ಹುಣಸೆ ಮರದ ಕೆಳಗೆ ಕಾಲಗಲಿಸಿ ಮಲಗಿದ್ದರು. ಮೊದಲು ಅಲ್ಲಿ ನೋಡಿದೆ. ಅವನಿರಲಿಲ್ಲ. ಬೆಂಚಿನಲ್ಲೂ ಇರಲಿಲ್ಲ. ಒಳಕ್ಕೆ ನುಗ್ಗಿದೆ. ಮೇಜಿನ ಪಕ್ಕ ಪಂಚೆ ಸಡಿಲಿಸಿ ನಿಂತಿದ್ದ.

ಡಾಕ್ಟರ ಮುಂದೆ ಹಾಳೆ ಇಟ್ಟೆ. ಕೈಗವಸು ಹಾಕಿದ ಬೆರಳನ್ನು ತಾಗಿಸದೆ ಬಗ್ಗಿ ಓದಿದರು. ಕಪ್ಪು ಚೌಕಗಳನ್ನು ಎಣಿಸಿದರು. ಖಾಲಿ ಚೌಕ ಯಾರದು ಎಂದು ಕೇಳಿದರು. ಹೇಳಲಾರೆ, ಬದುಕಿದ್ದಾನೆ, ಎರಡೂ ಮೊಣಕಾಲು ಹೋಗಿವೆ ಅಂದೆ. ಅವರು ಕತ್ತಿ ತಟ್ಟೆಗೆ ಹಾಕಿದರು.

ಎರಡು ಗಾಜಿನ ನಳಿಗೆ ತರಿಸಿದರು. ಒಂದಕ್ಕೆ ಅವನ ಮುಂಗೈ ನರದಿಂದ ಸಿರಿಂಜಿನಲ್ಲಿ ರಕ್ತ ತೆಗೆದು ಹಾಕಿ, ಚುಚ್ಚಿದ ಜಾಗವನ್ನು ಬಿಗಿಯಾಗಿ ಒತ್ತಿ ಹಿಡಿಯಲು ಕಾಂಪೌಂಡರಿಗೆ ಹೇಳಿದರು. ಹೋಲಿಕೆಗೆ ಇನ್ನೊಂದು ಬೇಕಿತ್ತು, ನಾನು ಅಂಗಿಯ ತೋಳು ಮಡಚಿದೆ. ನಳಿಗೆಗಳು ತಣ್ಣಗಾಗಬಾರದೆಂದು ಎರಡನ್ನೂ ತಮ್ಮ ಮುಷ್ಟಿಯಲ್ಲಿ ಹಿಡಿದು ಗೋಡೆ ಗಡಿಯಾರದ ಕೆಳಗೆ ನಿಂತರು. ನಿಮಿಷಕ್ಕೊಮ್ಮೆ ಮುಷ್ಟಿ ಬಿಚ್ಚಿ ನಳಿಗೆ ವಾಲಿಸಿ ನೋಡುವರು. ಎಂಟನೇ ನಿಮಿಷಕ್ಕೆ ನನ್ನದು ವಾಲಿಸಿದರೂ ಕದಲಲಿಲ್ಲ. ಅವನದು ನೀರಿನಂತೆ ಗಾಜಿನ ಉದ್ದಕ್ಕೂ ಓಡಿತು. ಹದಿನೈದು. ಇಪ್ಪತ್ತು. ಹೊರಗಿನಿಂದ ತಾಲ್ಲೂಕಿನ ಅಧಿಕಾರಿ ಬಂದು ಯಾಕೆ ನಿಂತಿದೆ ಎಂದು ಕೇಳಿದರು. ಮೂವತ್ತನೇ ನಿಮಿಷಕ್ಕೆ ಡಾಕ್ಟರು ನಳಿಗೆಯನ್ನು ಅಧಿಕಾರಿಯ ಕಣ್ಣೆದುರು ಹಿಡಿದು ಮತ್ತೊಮ್ಮೆ ವಾಲಿಸಿದರು. ಓಡಿತು.

ಅಧಿಕಾರಿ ಒಪ್ಪಿದರು, ಆದರೆ ಪಟ್ಟಿ ಮೇಲಕ್ಕೆ ಹೋಗಿಯಾಗಿದೆ, ಅರವತ್ತು ಅಂದರೆ ಅರವತ್ತು, ಬದಲಿ ಯಾರು ಎಂದು ನನ್ನನ್ನು ಕೇಳಿದರು. ಪಂಚೆ ಸಡಿಲಿಸಿಕೊಂಡೇ ನಿಂತಿದ್ದ ಅವನು ನಾನು ತಯಾರಿದೀನಿ ಎಂದು ಮೆಲ್ಲಗೆ ಅಂದ. ಆಗಲೂ ಅವನ ಭಯ ಖಾತೆಯದೇ. ಹೊರಗೆ ಇನ್ನೊಬ್ಬನನ್ನು ಹಿಡಿದು ತರಲು ಜೀಪು ತಯಾರಾಗುತ್ತಿತ್ತು. ನನಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಮೂರನೆಯದು ಗಂಡಾಗಲಿ ಎಂದು ಅಮ್ಮ ಹರಕೆ ಹೊತ್ತಿದ್ದಳು. ನನ್ನ ಹೆಸರು ಬರೆದುಕೊಳ್ಳಿ ಅಂದೆ. ಧೈರ್ಯದ ಮಾತಲ್ಲ ಅದು. ಇನ್ನೊಬ್ಬನನ್ನು ಹೆದರಿಸಿ ಕರೆತರಲು ಮೈಯಲ್ಲಿ ಕಸುವಿರಲಿಲ್ಲ. ಹೆಂಡತಿಯನ್ನೂ ಕೇಳಲಿಲ್ಲ. ಮನೆಗೆ ಹೋಗಿ ಹೇಳಿದಾಗ ಅಮ್ಮ ವಂಶ ನಿನ್ನಲ್ಲಿಗೆ ನಿಂತೋಯ್ತು ಅಂದಳು, ಒಂದು ವಾರ ಮಾತು ಬಿಟ್ಟಳು.

ಕ್ಯಾಂಪಿನಲ್ಲಿ ನನಗೆ ಹೊಲಿಗೆ ಹಾಕುತ್ತ ಡಾಕ್ಟರು ಇನ್ನೊಂದು ವಿಷಯ ಹೇಳಿದ್ದರು. ಅವನ ಗಂಡುಮಗುವಿಗೆ ಭಯವಿಲ್ಲ, ಈ ಕಾಯಿಲೆ ತಂದೆಯಿಂದ ಮಗನಿಗೆ ಹೋಗುವುದಿಲ್ಲ. ಹೆಣ್ಣುಮಕ್ಕಳಿಗೆ ಹೋಗಿಯೇ ಇರುತ್ತದೆ, ಇಬ್ಬರಿಗೂ. ಅವರು ಚೆನ್ನಾಗಿಯೇ ಇರುತ್ತಾರೆ. ಅವರ ಗಂಡುಮಕ್ಕಳ ಮಾತು ಬೇರೆ.

ಹೊಲಿಗೆ ಮಾಗಿದ ಮೇಲೆ ಹೋಗಿ ಇಷ್ಟನ್ನೂ ಅವನೊಬ್ಬನಿಗೇ ಹೇಳಿದೆ. ಮಗ ಉಳಿದ ಎಂಬ ಕಡೆಗೆ ಕೈಮುಗಿದ. ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ, ಇದು ನಿಮ್ಮ ಬಾಯಿಂದ ಎಲ್ಲೂ ಬರಕೂಡದು ಅಂದ. ಮಾತು ಕೊಟ್ಟೆ. ಖಾತೆಯೂ ಆಯಿತು. ಆ ವಂಶವೃಕ್ಷದಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ಪಂಚರು ಬೇಡವೆಂದರೂ ಬರೆದೆ. ದೊಡ್ಡವಳಿಗೆ ಆಗ ಎಂಟು ವರ್ಷ. ಹೆಸರು ಬರೆದು ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಹತ್ತು ವರ್ಷದ ಮೇಲೆ ನಾನು ಚನ್ನಗಿರಿಗೆ ವರ್ಗವಾಗಿದ್ದೆ. ಒಂದು ಮಧ್ಯಾಹ್ನ ನ್ಯಾಮತಿ ಕಡೆಯ, ಮುದುಕಿಯ ಅಕ್ಕನ ಮನೆಗೆ ಸಂಬಂಧವಿಲ್ಲದ ಹಿರಿಯರೊಬ್ಬರು ಕಚೇರಿಗೆ ಬಂದರು. ಜಗಳೂರು ಕಡೆಯಿಂದ ಮಗನಿಗೆ ಹೆಣ್ಣು ನೋಡಿದ್ದರು, ಅವನ ದೊಡ್ಡ ಮಗಳನ್ನೇ. ನೀವು ಅಲ್ಲಿ ಇದ್ದವರಂತೆ, ಮನೆತನ ಹೇಗೆ ಎಂದು ವಿಚಾರಿಸಲು ಬಂದಿದ್ದರು. ಹೊಲ ಎಷ್ಟು, ಖಾತೆ ಯಾರ ಹೆಸರಲ್ಲಿದೆ, ವ್ಯಾಜ್ಯ ಇದೆಯೇ ಎಂದು ಕೇಳಿದರು. ಎಕರೆ ಗುಂಟೆ ಸಮೇತ ಹೇಳಿದೆ. ಸಮಾಧಾನದಿಂದ ಎದ್ದು ಚಪ್ಪಲಿ ಮೆಟ್ಟುತ್ತ ತಿರುಗಿದರು.

"ಬ್ಯಾರೆ ಏನಾರ ಐತೇನ್ರಿ?"

"ಏನೂ ಇಲ್ಲ," ಅಂದೆ.

ಮದುವೆಗೆ ಹೋಗಿ ಅಕ್ಷತೆ ಹಾಕಿ ಬಂದೆ. ಅವನು ಕುಂಟುತ್ತ ಓಡಾಡಿ ಎಲ್ಲರಿಗೂ ಉಪಚಾರ ಮಾಡಿದ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಒಂದೂವರೆ ವರ್ಷಕ್ಕೆ ಅವನ ಕಾರ್ಡು ಬಂತು, ಮಗಳಿಗೆ ಗಂಡುಮಗು. ಅಂದಿನಿಂದ ಮಗು ಈಗ ಮಗುಚಿಕೊಂಡಿರಬೇಕು, ಈಗ ಅಂಬೆಗಾಲಿಡುತ್ತಿರಬೇಕು ಎಂದು ತಿಂಗಳು ಎಣಿಸುವುದು ನನಗೆ ಚಾಳಿಯಾಯಿತು. ಅರ್ಧಕ್ಕರ್ಧ ಎಂದಿದ್ದರು ಡಾಕ್ಟರು. ಒಳ್ಳೆಯ ಅರ್ಧವೇ ಇರಲಿ ಎಂದುಕೊಂಡು ಹತ್ತು ತಿಂಗಳು ಕಳೆದೆ. ಹನ್ನೊಂದನೆಯದಕ್ಕೆ ತಡೆಯಲಾರದೆ ನ್ಯಾಮತಿ ಬಸ್ಸು ಹತ್ತಿದೆ.

ಅವಳೊಬ್ಬಳೇ ಇದ್ದಳು. ಅಪ್ಪನ ಸ್ನೇಹಿತರು ಎಂದು ಸಂತೋಷದಿಂದ ಚಾಪೆ ಹಾಸಿದಳು. ಮಗು ಗೋಡೆ ಹಿಡಿದು ನಿಂತು, ಕೈಬಿಟ್ಟು, ಧೊಪ್ಪನೆ ಕೂತು ನಗುತ್ತಿತ್ತು. ಎರಡೂ ಮೊಣಕಾಲ ಮೇಲೆ ನೇರಳೆ ಬಣ್ಣದ ಕಲೆ. ಎತ್ತಿಕೊಂಡೆ. ಅಂಗಿ ಮೇಲೆ ಸರಿಯಿತು. ಪಕ್ಕೆಯಲ್ಲಿ, ದಿನಾ ಎತ್ತಿಕೊಳ್ಳುವವರ ಬೆರಳು ಕೂರುವ ಜಾಗದಲ್ಲಿ, ನಾಲ್ಕು ಬೆರಳಿನ ನೀಲಿ ಗುರುತು.

"ಇದೇನಮ್ಮ?" ಅಂದೆ.

"ಏನೋ ಸೆಕೆಗೆ ಇರಬೇಕು ಸಾರ್. ಬರ್ತೈತೆ, ಹೋಗ್ತೈತೆ," ಅಂದಳು.

ಮಗುವನ್ನು ಚಾಪೆಯ ಮೇಲೆ ಮೆಲ್ಲಗೆ ಕೂರಿಸಿದೆ. ಅವಳನ್ನೂ ಕೂರಲು ಹೇಳಿದೆ. ಅವಳ ಅಜ್ಜಿಯ ತಾಯಿಯ ಹೆಸರು ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ ಅಂದಳು. ಆ ಹೆಸರು ಹೇಳಿ, ಅಲ್ಲಿಂದ ಶುರು ಮಾಡಿದೆ.